ಕಾರ್ಯದರ್ಶಿಗಳ ಚಿನ್ನದಂಚು

ನಾಟಕ ಸಂಘದ ಕಂಪ್ಯೂಟರ್ ಆಪರೇಟರ್ ಗಂಗಾಂಬಿಕೆ ಇನ್ನೂ ಟೀ ಲೋಟ ಕೆಳಗಿಟ್ಟಿರಲಿಲ್ಲ, ಕಾರ್ಯದರ್ಶಿ ಶಾಂತವೀರಪ್ಪನವರು ಲ್ಯಾಪ್‌ಟಾಪ್ ಎತ್ತಿಕೊಂಡು ನುಗ್ಗಿದರು. ಅವರಿಗೂ ಅಧ್ಯಕ್ಷರಿಗೂ ಮೊದಲಿಂದಲೂ ಆಗಿಬರದು.

"ಏನಮ್ಮ ಇದು? ಸಂಘದ ವೆಬ್‌ಸೈಟು ನಿನ್ನ ಬ್ರೌಸರ್‌ನಲ್ಲಿ ನೋಡಿದ್ರೆ ಅಧ್ಯಕ್ಷರ ಪಕ್ಕದಲ್ಲಿ ನನ್ನ ಫೋಟೋ. ನನ್ನ ಬ್ರೌಸರ್‌ನಲ್ಲಿ ನೋಡಿದ್ರೆ ಅವರ ಕಾಲ ಕೆಳಗೆ! ಮಧ್ಯಾಹ್ನದೊಳಗೆ ಸರಿಮಾಡು, ಇಲ್ಲಾಂದ್ರೆ ನಾಳೆಯಿಂದ ಬರಬೇಡ. ಚಿನ್ನದ ಅಂಚು ಮಾತ್ರ ಮುಟ್ಟಕೂಡದು!"

ಫೋಟೋಗಳಿಗೆ ಆ ದಪ್ಪ ಅಂಚು ಹಾಕಿಸಿದವರೂ ಅವರೇ. ಗಂಗಾಂಬಿಕೆಗೆ ರೋಗ ಗೊತ್ತಾಯಿತು. ಅವಳ ಬ್ರೌಸರ್ ಅಂಚನ್ನು ಫೋಟೋದ ಅಳತೆಯೊಳಗೇ ಸೇರಿಸುತ್ತಿತ್ತು, ಅವರದು ಹೊರಗೆ ಬಿಡುತ್ತಿತ್ತು; ಸಾಲಿನಲ್ಲಿ ಜಾಗ ಸಾಲದೆ ಎರಡನೇ ಫೋಟೋ ಕೆಳಗಿಳಿಯುತ್ತಿತ್ತು.

"ಬಸ್ಸಿನ ಸೀಟಲ್ಲಿ ಚೀಲ ಪಕ್ಕಕ್ಕಿಟ್ರೆ ಒಬ್ಬರು ಎದ್ದು ನಿಲ್ಲಬೇಕು ಸಾರ್. ತೊಡೆ ಮೇಲಿಟ್ಕೊಂಡ್ರೆ ಇಬ್ಬರೂ ಕೂರಬಹುದು," ಎಂದವಳೇ ಪುಟದ ವಿನ್ಯಾಸದ ಸೂಚನೆಗಳಿರುವ ಸಿಎಸ್‌ಎಸ್‌ನಲ್ಲಿ ಒಂದೇ ಸಾಲು ಬರೆದಳು. ಇನ್ನು ಯಾವ ಬ್ರೌಸರ್ ಆದರೂ ಅಂಚನ್ನು ಒಳಗೇ ಸೇರಿಸಬೇಕು.

ಅವರ ಲ್ಯಾಪ್‌ಟಾಪ್‌ನಲ್ಲಿ ಪುಟ ಮತ್ತೆ ತೆರೆದರೆ ಇಬ್ಬರೂ ಅಕ್ಕಪಕ್ಕ! ಆದರೆ ಕಾರ್ಯದರ್ಶಿಗಳು ಬೆಳಿಗ್ಗೆಯೇ ಇಬ್ಬರ ಮುಖದ ಅಳತೆಯನ್ನೂ ಬರೆದಿಟ್ಟುಕೊಂಡಿದ್ದರು. ಜೇಬಿಂದ ಸ್ಕೇಲ್ ತೆಗೆದು ತಮ್ಮದನ್ನು ಅಳೆದರು. ಕೆಂಡವಾದರು.

"ಅಂಚು ಒಳಗೆ ಬಂದು ನನ್ನ ಮುಖ ಸಣ್ಣದಾಯ್ತಲ್ಲ!"

"ಅಧ್ಯಕ್ಷರದನ್ನೂ ಅಳೆದು ನೋಡಿ ಸಾರ್," ಎಂದು ಗಂಗಾಂಬಿಕೆ ಟೀ ಲೋಟ ಎತ್ತಿಕೊಂಡಳು.

ಅಳೆದರು. ಅದೂ ಅಷ್ಟೇ ಸಣ್ಣದಾಗಿತ್ತು. ಕಾರ್ಯದರ್ಶಿಗಳ ಮುಖ ಊರಗಲ ಅರಳಿತು.

"ಭೇಷ್! ನಿನ್ನ ಕೆಲಸಕ್ಕೆ ಯಾರೂ ಕೈ ಹಾಕೋ ಹಾಗಿಲ್ಲ," ಎಂದು ಬಾಗಿಲ ತನಕ ಹೋದವರು ತಿರುಗಿ ಬಂದರು. ಆಚೀಚೆ ನೋಡಿ ದನಿ ತಗ್ಗಿಸಿದರು.

"ಆ ಅಂಚು ಇನ್ನೂ ದಪ್ಪ ಮಾಡೋಕಾಗುತ್ತೇನಮ್ಮ? ನನ್ನದು ಸಣ್ಣದಾದ್ರೂ ಪರವಾಗಿಲ್ಲ."