ನಾಲ್ಕು ಒರಳು

ಶಿಷ್ಯ ಕೇಳಿದ: "ಗುರುಗಳೇ, ಈ ಊರಿನಲ್ಲಿ ಆರು ವರ್ಷದಿಂದ ಯಾರೂ ಬೆಂಕಿಯಿಂದ ಸುಟ್ಟುಕೊಂಡಿಲ್ಲ. ಆದರೂ ಪ್ರತಿ ಅಮಾವಾಸ್ಯೆಗೆ ಸುಟ್ಟ ಗಾಯದ ಮದ್ದು ಅರೆಯುತ್ತೇನೆ. ಹಳೆಯದನ್ನು ಬೇವಿನ ಬುಡಕ್ಕೆ ಸುರಿಯುತ್ತೇನೆ. ಕೈ ಸೋತಿದೆ. ಬೇಕಾದಾಗ ಅರೆದರೆ ಸಾಲದೇ?"

ಗುರುಗಳು ಹೇಳಿದರು: "ಗಾಯಕ್ಕೆ ಹಚ್ಚುವುದೂ ಮದ್ದು, ಫಿರಂಗಿಗೆ ತುಂಬುವುದೂ ಮದ್ದು. ಎರಡನೆಯದರ ಕತೆ ಹೇಳುತ್ತೇನೆ, ಕೇಳು."

ಒಬ್ಬ ದೊರೆಗೆ ಹೊಳೆಯ ದಡದಲ್ಲಿ ಕೋಟೆಯಿತ್ತು. ಹೊಳೆಯಾಚೆ ಅವನ ವೈರಿ ಇದ್ದ. ಯುದ್ಧ ನಡೆದಷ್ಟು ಕಾಲ ಕೋಟೆಯ ಹಿಂದಿನ ಅಂಗಳದಲ್ಲಿ ನಲವತ್ತು ಒರಳುಗಳಲ್ಲಿ ಹೆಂಗಸರು ಮದ್ದು ಕುಟ್ಟಿದರು. ಪೆಟ್ಲುಪ್ಪು, ಗಂಧಕ, ಎಕ್ಕದ ಕಡ್ಡಿಯ ಇದ್ದಿಲು ಮೂರನ್ನೂ ಬೆರೆಸಿ, ನೀರು ಚಿಮುಕಿಸುತ್ತ ಕುಟ್ಟಬೇಕು. ಅವರಿಗೆಲ್ಲ ಒಬ್ಬ ಮುದುಕಿ ಯಜಮಾನಿಯಾಗಿದ್ದಳು.

ಯುದ್ಧ ಮುಗಿಯಿತು. ಉಗ್ರಾಣದ ಗುಡಾಣಗಳೆಲ್ಲ ತುಂಬಿದ್ದವು. ಕುಟ್ಟುವುದನ್ನು ನಿಲ್ಲಿಸಿರೆಂದು ದೊರೆ ಹೇಳಿ ಕಳುಹಿಸಿದ. ಮುದುಕಿ ಸಭೆಗೆ ಬಂದಳು.

"ಒಡೆಯಾ, ನಲವತ್ತು ಬೇಡ. ನಾಲ್ಕು ಒರಳು ಉಳಿಸಿಕೊಡಿ."

"ಗುಡಾಣ ತುಂಬಿದೆಯಲ್ಲ. ನಾಲ್ಕು ಒರಳಲ್ಲಿ ಏನನ್ನು ಕುಟ್ಟುತ್ತೀಯೆ?"

"ಇರುವುದನ್ನೇ ಕುಟ್ಟುತ್ತೇನೆ. ಮದ್ದು ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ವರ್ಷಕ್ಕೊಮ್ಮೆ ತೆಗೆದು ಮತ್ತೆ ಕುಟ್ಟಬೇಕು."

ದೊರೆ ಸಭೆಯ ಕಡೆ ನೋಡಿ ನಕ್ಕ. "ಕುಟ್ಟಿದ್ದನ್ನೇ ಕುಟ್ಟುತ್ತಾಳಂತೆ! ಅಜ್ಜಿ, ನಿನಗೆ ಹಲ್ಲಿಲ್ಲ. ನಿನ್ನ ಎಲೆಅಡಿಕೆಯನ್ನು ಬೇಕಾದರೆ ಎರಡು ಸಲ ಕುಟ್ಟಿಕೋ. ನನ್ನ ಮದ್ದಿಗೆ ಒಂದೇ ಸಲ ಸಾಕು."

"ಮದ್ದಿಗಾಗಿ ಮಾತ್ರ ಕೇಳುತ್ತಿಲ್ಲ, ಒಡೆಯಾ. ಒರಳು ನಡೆಯುತ್ತಿದ್ದರೆ ನಾಲ್ಕು ಕೈಗಳಾದರೂ ಕಲಿತಿರುತ್ತವೆ."

ದೊರೆ ಅಷ್ಟರಲ್ಲಿ ಬೇರೆ ಮಾತಿಗೆ ಹೊರಳಿದ್ದ.

ಹೆಂಗಸರು ಭತ್ತ ಕುಟ್ಟುವ ಮನೆಗಳಿಗೆ ಹೋದರು. ಒರಳುಗಳು ಕಲ್ಲಿನವು, ಅಲ್ಲೇ ಉಳಿದವು. ಒನಕೆಗಳು ಬರೀ ಮರದವು, ಅರಮನೆಯ ಒಲೆಗೆ ಹೋದವು. ಕೆಲವು ವರ್ಷಗಳಲ್ಲಿ ಮುದುಕಿ ಸತ್ತಳು.

ಹದಿನೆಂಟು ವರ್ಷದ ಮೇಲೆ ವೈರಿಯ ಮಗ ಸೈನ್ಯ ಕಟ್ಟಿಕೊಂಡು ಹೊಳೆಯಾಚೆ ಬಂದು ಇಳಿದ. ಹೊಳೆಯಲ್ಲಿ ನೀರು ತಗ್ಗಲು ಹತ್ತು ದಿನ ಬೇಕಿತ್ತು. ದೊರೆ ಉಗ್ರಾಣ ತೆರೆಸಿದ. ಗುಡಾಣಗಳಲ್ಲಿ ಮದ್ದು ಹೆಪ್ಪುಗಟ್ಟಿ ಕಲ್ಲಿನಂತಾಗಿತ್ತು. ಒಡೆದು ತೆಗೆದು ಮತ್ತೆ ಕುಟ್ಟಲು ಹತ್ತು ದಿನ ಸಾಕು ಎಂದು ಲೆಕ್ಕ ಹಾಕಿದರು. ಮನೆಗೊಬ್ಬ ಹೆಂಗಸು ಒನಕೆ ಹಿಡಿದು ಬರಬೇಕೆಂದು ಊರಿನಲ್ಲಿ ಡಂಗುರ ಸಾರಿಸಿದರು.

ನಲವತ್ತು ಮಂದಿ ಬಂದರು. ಅವರಲ್ಲಿ ಹಿಂದೆ ಆ ಅಂಗಳದಲ್ಲಿ ದುಡಿದವರು ಇಬ್ಬರೇ. ಅವರೂ ಕುಟ್ಟಿದವರಲ್ಲ, ಒಣಗಿಸಿದವರು. ನೀರು ಚಿಮುಕಿಸಬೇಕೆಂದು ಅವರಿಗೆ ನೆನಪಿತ್ತು. ಅದನ್ನು ಎಲ್ಲರಿಗೂ ಹೇಳಿದರು.

ಭತ್ತದ ಒನಕೆಯ ತುದಿಗೆ ಕಬ್ಬಿಣದ ಬಳೆ ಇರುತ್ತದೆ. ಅದಿಲ್ಲದಿದ್ದರೆ ಹೊಟ್ಟು ಬಿಡುವುದಿಲ್ಲ. ನಲವತ್ತು ಮಂದಿಯೂ ಮನೆಯಿಂದ ತಂದದ್ದು ಅಂಥ ಒನಕೆಯನ್ನೇ. ಮದ್ದಿನ ಅಂಗಳಕ್ಕೆ ಕಬ್ಬಿಣ ತರಬಾರದು ಎಂದು ಯಾರೂ ಹೇಳಲಿಲ್ಲ. ಹಿಂದೆಯೂ ಯಾರೂ ಯಾರಿಗೂ ಹೇಳಿರಲಿಲ್ಲ. ಮರದ ಒನಕೆಗಳು ಅಲ್ಲೇ ಗೋಡೆಗೆ ಒರಗಿರುತ್ತಿದ್ದವು. ಬಂದವರು ಅವನ್ನೇ ಎತ್ತಿಕೊಳ್ಳುತ್ತಿದ್ದರು.

ಎರಡು ದಿನ ಕೆಲಸ ಸಾಗಿತು. ಮೂರನೆಯ ದಿನ ಬಿಸಿಲು ಹೆಚ್ಚಿತ್ತು. ಒಂದು ಒರಳಿನ ತೇವ ಆರಿದ್ದು ಕುಟ್ಟುತ್ತಿದ್ದವಳಿಗೆ ತಿಳಿಯಲಿಲ್ಲ. ಒನಕೆಯ ಬಳೆ ಒರಳಿನ ಅಂಚಿಗೆ ತಗುಲಿ ಕಿಡಿ ಹಾರಿತು.

ಹೊಳೆಯಾಚೆಯವರು ಸದ್ದು ಕೇಳಿದರು. ಆಮೇಲೆ ಹೊಗೆ ಕಂಡರು. ಅವರ ಕಡೆಯಿಂದ ಇನ್ನೂ ಒಂದು ಗುಂಡೂ ಹಾರಿರಲಿಲ್ಲ. ನೀರು ತಗ್ಗಿದ ದಿನ ದೊರೆ ತಾನೇ ಕೋಟೆಯ ಬಾಗಿಲು ತೆರೆಸಿ ಹೊರಗೆ ಬಂದು ನಿಂತ. ಅವನ ಹಿಂದೆ ಊರಿನ ಗಂಡಸರು ನಿಂತಿದ್ದರು. ಹೆಂಗಸರು ಕಡಿಮೆ ಇದ್ದರು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಗೆದ್ದು ಬಂದವನಾದರೂ ಪಾಠ ಕಲಿತನೇ?"

"ಕಲಿತ. ಅದೇ ಅಂಗಳದಲ್ಲಿ ನಾಲ್ಕು ಒರಳು ಹೂಡಿಸಿದ. ಮರದ ಒನಕೆ ಮಾಡಿಸಿದ. ಯುದ್ಧವಿಲ್ಲದ ಕಾಲದಲ್ಲೂ ಹಳೆಯ ಮದ್ದನ್ನೇ ಮತ್ತೆ ಮತ್ತೆ ಕುಟ್ಟಿಸಿದ."

"ಎಲ್ಲಿಯವರೆಗೆ?"

"ಕುಟ್ಟುವವರಲ್ಲಿ ಒಬ್ಬಳು ಬಂದು, ಕೈ ಸೋತಿದೆ, ಬೇಕಾದಾಗ ಕುಟ್ಟಿದರೆ ಸಾಲದೇ ಎಂದು ಕೇಳುವವರೆಗೆ."