ಚಿಕ್ಕಬೋರನ ಮೀನಿನ ಸ್ಟ್ಯಾಂಡು

ಪೆದ್ದನಿಲ್ಲದ ಊರು ಯಾವುದಿದೆ ಹೇಳಿ. ಕೆಲವು ಊರಲ್ಲಿ ಅವನೇ ಯಜಮಾನ, ಕೆಲವು ಊರಲ್ಲಿ ಮನೆ ಅಳಿಯ. ನಮ್ಮ ಮದ್ದೂರಿನ ಪೆದ್ದ ಮಾತ್ರ ಬಡಗಿ, ಹೆಸರು ಚಿಕ್ಕಬೋರ. ವಯಸ್ಸು ಮೂವತ್ತು, ಕೈ ಬಂಗಾರ, ತಲೆ ಖಾಲಿ ಡಬ್ಬ. ಹೇಳಿದ ಮಾತು ಮೀರುವವನಲ್ಲ, ಅದೇ ಅವನ ತೊಂದರೆ. ಹಾಲು ಉಕ್ಕುತ್ತಾ ನೋಡು ಅಂದರೆ ಉಕ್ಕಿ ಒಲೆ ಆರುವವರೆಗೂ ನೋಡಿ, ಆಮೇಲೆ ಬಂದು ಉಕ್ಕಿತು ಅನ್ನುವವನು. ಅವನ ಅವ್ವ ಜವರಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು, ಹುಬ್ಬಿನ ನಡುವೆ ಗಂಟು ಬರುವುದೊಂದು ಬಾಕಿ ಇತ್ತು.

ಜವರಮ್ಮ ಹಳೇ ಹೆದ್ದಾರಿಯ ಒಂದು ಲಾಡ್ಜಿನಲ್ಲಿ ಇಪ್ಪತ್ತು ವರ್ಷ ಅಡಿಗೆ ಮಾಡಿದವಳು. ಹೊಸ ರಸ್ತೆ ಊರಾಚೆಯಿಂದಲೇ ಹಾದುಹೋದ ಮೇಲೆ ಗಿರಾಕಿ ತಪ್ಪಿದರು, ಮಾಲೀಕ ಬೀಗ ಹಾಕಿದ. ಹಾಕುವ ಮುಂಚೆ ಬೇಕಾದ್ದು ತಗೊಳ್ಳಿ ಅಂದ. ಉಳಿದವರು ಫ್ಯಾನು, ಮಂಚ, ಕುಕ್ಕರು ಹೊತ್ತರು. ಇವಳು ಕೇಳಿದ್ದು ಬಾಗಿಲ ಬಳಿಯ ಆರಡಿ ಉದ್ದದ ಗಾಜಿನ ತೊಟ್ಟಿ ಮತ್ತು ಅದರೊಳಗಿದ್ದ ಒಂದೇ ಒಂದು ಮೀನು. ಅಂಗೈ ಅಗಲದ ಕಪ್ಪು ಮೀನು, ಮೈಮೇಲೆ ಕೆಂಡದ ಬಣ್ಣದ ಮಚ್ಚೆ. ಅವಳ ಗಂಡ ತೀರಿಕೊಂಡ ವರ್ಷ ಬೆರಳುದ್ದ ಇದ್ದಾಗ ಬಂದದ್ದು. ಆ ವರ್ಷ ಉಂಡೆಯಾ ಅಂತ ಅವಳನ್ನು ಕೇಳುವವರಿರಲಿಲ್ಲ. ತಟ್ಟೆ ಹಿಡಿದು ತೊಟ್ಟಿಯ ಮುಂದೆ ಕೂತರೆ ಈ ಮೀನು ಗಾಜಿಗೆ ಮೂತಿ ಒತ್ತಿ, ಅವಳು ಉಂಡೇಳುವವರೆಗೂ ನಿಲ್ಲುತ್ತಿತ್ತು. ಅವಳು ಅದಕ್ಕೆ ದೊರೆ ಅಂತ ಹೆಸರಿಟ್ಟಳು. ದೊರೆ ಅಂದರೆ ಅವಳಿಗೆ ಪ್ರಾಣ.

ಲಾಡ್ಜಿನಲ್ಲಿ ತೊಟ್ಟಿ ತೊಳೆಯುತ್ತಿದ್ದ ಇಮ್ತಿಯಾಜ್ ಎರಡನ್ನೂ ಗಾಡಿಯಲ್ಲಿ ತಂದಿಳಿಸಿದ. ದೊರೆಯನ್ನು ಒಂದು ನೀಲಿ ಡ್ರಮ್ಮಿಗೆ ಬಿಟ್ಟು, ಗಾಳಿ ಊದುವ ಪುಟ್ಟ ಪಂಪು ಹಾಕಿ, ಎರಡು ಮಾತು ಹೇಳಿದ. ಡ್ರಮ್ಮಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ಮೀನು ಉಳಿಯಲ್ಲ. ತೊಟ್ಟಿಗೆ ನೀರು ತುಂಬಿದರೆ ಹನ್ನೆರಡು ಮೂಟೆ ಅಕ್ಕಿಯ ತೂಕ, ಕೆಳಗಿನ ಸ್ಟ್ಯಾಂಡು ಭದ್ರವಾಗಿರಬೇಕು, ಸಮವಾಗಿರಬೇಕು. ಒಂದು ಕಡೆ ವಾಲಿದರೂ ಗಾಜಿನ ಅಂಟು ಬಿಟ್ಟು, ನೀರಿನ ಜೊತೆ ಮೀನೂ ಬೀದಿಗೆ.

ಬಡಗಿ ಮನೆಯಲ್ಲೇ ಇದ್ದಾನಲ್ಲ, ಇನ್ನೇನು ಚಿಂತೆ ಅಂದುಕೊಂಡಳು ಜವರಮ್ಮ. ಚಿಂತೆ ಅಲ್ಲೇ ಇತ್ತು. ಮಗನನ್ನು ಕೂರಿಸಿಕೊಂಡು, ದಪ್ಪ ಹೊನ್ನೆ ಮರ ಹಾಕು, ನಾಲ್ಕು ಕಾಲೂ ಒಂದೇ ಅಳತೆ ಇರಲಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಬೇಡ ಅಂದಳು. ಚಿಕ್ಕಬೋರ ಸಂಜೆಯೊಳಗೆ ಮಾಡಿ ನಿಲ್ಲಿಸಿದ. ಆನೆ ಹತ್ತಿದರೂ ಅಲುಗದ ಸ್ಟ್ಯಾಂಡು, ಕಾಲು ನಾಲ್ಕೂ ಒಂದೇ ಅಳತೆ. ಆದರೆ ಅವರ ಮನೆಯ ನೆಲ, ತೊಳೆದ ನೀರು ತಾನಾಗಿ ಹಿತ್ತಿಲಿಗೆ ಹೋಗಲಿ ಅಂತ ಇಳಿಜಾರು ಕೊಟ್ಟು ಮಾಡಿದ್ದು. ಸ್ಟ್ಯಾಂಡೂ ಹಿತ್ತಿಲಿಗೆ ಹೊರಟ ಹಾಗೆ ವಾಲಿ ನಿಂತಿತು.

ಜವರಮ್ಮ ಬೈದಳು. ಕಾಲು ಸಮ ಇದ್ದರೆ ಬಂತೇನೋ, ಯಾವ ಕಾಲು ಎತ್ತರ ಕಾಣುತ್ತೆ ಅಂತ ನಾಲ್ಕು ಜನರನ್ನು ಕೇಳಿ ಕೊಯ್ಯಬೇಕು ಅಂತ ಬುದ್ಧಿ ಹೇಳಿದಳು.

ಮಾರನೆಯ ಬೆಳಗ್ಗೆ ಅವನು ನಾಲ್ಕು ಜನರನ್ನು ಕರೆತಂದ. ಮೂವರಲ್ಲ, ಐವರಲ್ಲ, ಎಣಿಸಿ ನಾಲ್ಕು. ಹೂ ಮಾರುವವಳು ಬಾಗಿಲಲ್ಲಿ ನಿಂತು ಈ ಕಾಲು ಎತ್ತರ ಅಂದಳು, ಎರಡು ಬೆರಳು ಕೊಯ್ದ. ಸ್ಟ್ಯಾಂಡು ಆ ಕಡೆ ಬಾಗಿತು. ಪೋಸ್ಟಿನವನು ಇನ್ನೊಂದು ತೋರಿಸಿದ, ಅದಕ್ಕೂ ಎರಡು ಬೆರಳು. ಕ್ಷೌರದ ಅಂಗಡಿಯವನು ಮತ್ತೊಂದು. ಎದುರು ಮನೆಯ ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಉಳಿದಿದ್ದ ನಾಲ್ಕನೆಯದನ್ನು ತೋರಿಸಿದರು. ನಾಲ್ಕು ಜನ, ನಾಲ್ಕು ಕಾಲು, ನಾಲ್ಕು ತುಂಡು. ಕೊನೆಗೆ ನೋಡಿದರೆ ಎಲ್ಲ ಮತ್ತೆ ಸಮ, ಸ್ಟ್ಯಾಂಡು ಮತ್ತೆ ಹಿತ್ತಿಲ ಕಡೆಗೆ. ಎರಡು ಬೆರಳು ಗಿಡ್ಡವಾಗಿತ್ತು, ಅಷ್ಟೇ.

ಡ್ರಮ್ಮಿನಲ್ಲಿ ದೊರೆ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದ. ಊರವರ ಮಾತು ಕಟ್ಟಿಕೊಂಡು ಕೆಟ್ಟೆ, ಇನ್ನು ಯಾರನ್ನೂ ಕೇಳಬೇಡ ಅಂದಳು ಜವರಮ್ಮ. ಸ್ಟ್ಯಾಂಡಿನ ಮೇಲೊಂದು ಗೋಲಿ ಇಟ್ಟು ನೋಡು, ಗೋಲಿ ಉರುಳದೆ ನಿಂತರೆ ಸಮ ಅಂತ ಲೆಕ್ಕ.

ಸಾಯಂಕಾಲ ಬಂದು ನೋಡುತ್ತಾಳೆ, ಗೋಲಿ ನಡುಮಧ್ಯೆ ಗಟ್ಟಿಯಾಗಿ ನಿಂತಿದೆ. ನನ್ನಪ್ಪ, ಗೆದ್ದೆ ಅಂತ ಮಗನ ಗಲ್ಲ ಹಿಡಿದಳು. ತೊಟ್ಟಿ ಎತ್ತಲು ಜನ ಕರೆಯಲು ಹೊರಟವಳು ಸುಮ್ಮನೆ ಒಮ್ಮೆ ಗೋಲಿ ಮುಟ್ಟಿದಳು. ಅಲುಗಲಿಲ್ಲ. ತಳ್ಳಿದಳು, ಆಗಲೂ ಅಲುಗಲಿಲ್ಲ. ಚಿಕ್ಕಬೋರ ಗೋಲಿ ಕೂರಲಿ ಅಂತ ಉಳಿ ಹಿಡಿದು ಅಚ್ಚುಕಟ್ಟಾಗಿ ಒಂದು ಕುಳಿ ತೋಡಿದ್ದ.

ಆ ದಿನ ಅವಳಿಗೆ ಬೈಯಲೂ ಶಕ್ತಿ ಇರಲಿಲ್ಲ. ಉಳಿದದ್ದು ಒಂದೇ ದಿನ. ಬೆಳಗ್ಗೆ ತಾಂಬಾಳದ ಅಂಚಿನವರೆಗೆ ನೀರು ತುಂಬಿ ಸ್ಟ್ಯಾಂಡಿನ ಮೇಲಿಟ್ಟಳು. ನೀರು ಹಿತ್ತಿಲ ಕಡೆಯಿಂದ ತುಳುಕಿತು.

"ಮರಕ್ಕೆ ಕುಳಿ ತೋಡಬೌದು, ನೀರಿಗೆ ತೋಡಕ್ಕಾಗಲ್ಲ. ಹಿತ್ತಿಲ ಕಡೆ ಎತ್ತು, ನೀರು ಸಮ ಆಗೋಗಂಟ ಎತ್ತು. ಆಮೇಲೆ ಒಂದು ಹನಿ ಚೆಲ್ಲಿದ್ರೂ ನನ್ನ ದೊರೆ ಉಳಿಯಲ್ಲ," ಅಂದಳು. ತಾಂಬಾಳಕ್ಕೆ ಮತ್ತೆ ನೀರು ತುಂಬಿಟ್ಟು, ಇಮ್ತಿಯಾಜನನ್ನು ಕರೆತರಲು ಹೋದಳು.

ಅವನು ಸಿಕ್ಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಇಬ್ಬರೂ ಬಂದು ನೋಡಿದರೆ ಚಿಕ್ಕಬೋರ ಸ್ಟ್ಯಾಂಡಿನ ಹಿತ್ತಿಲ ಕಡೆಯ ತುದಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾನೆ. ಅಂಗಿ ತೊಯ್ದು ಬೆನ್ನಿಗಂಟಿದೆ, ತೋಳು ನಡುಗುತ್ತಿದೆ.

"ಯಾವಾಗಿಂದ ಹಿಡಕೊಂಡಿದ್ದೀಯೋ?"

"ನೀನು ಹೋದಾಗಿಂದ. ಇಳಿಸಿದ್ರೆ ನೀರು ಚೆಲ್ತದೆ, ಚೆಲ್ಲಿದ್ರೆ ದೊರೆ ಸಾಯ್ತದೆ ಅಂದ್ಯಲ್ಲವ್ವ."

ಕಾಲ ಕೆಳಗೆ ಒಂದು ಕಲ್ಲು ಕೊಟ್ಟಿದ್ದರೆ ಆಗುತ್ತಿತ್ತಲ್ಲೋ ಅಂತ ಬೈಯಲು ಹೊರಟವಳ ಕಣ್ಣು ತಾಂಬಾಳದ ಮೇಲೆ ಬಿತ್ತು. ನೀರು ಎಲ್ಲ ಕಡೆಯೂ ಅಂಚಿಗೆ ಸರಿಯಾಗಿ ನಿಂತಿತ್ತು. ಮೂರು ದಿನದಲ್ಲಿ ಮೊದಲ ಸಲ. ಇಮ್ತಿಯಾಜ್ ನೆಲದ ಮೇಲೆ ಬಿದ್ದಿದ್ದ ನಿನ್ನೆಯ ಎರಡು ತುಂಡು ಮರ ತಂದು, ಮೇಲೆದ್ದಿದ್ದ ಕಾಲುಗಳ ಕೆಳಗೆ ತೂರಿಸಿ, ಸಂದು ಉಳಿದಲ್ಲಿ ಬೆಣೆ ಬಡಿದ. ಇನ್ನು ಬಿಡಪ್ಪ ಅಂದ. ಚಿಕ್ಕಬೋರ ಅವ್ವನ ಮುಖ ನೋಡಿದ. ಅವಳು ಬಿಡು ಅಂದ ಮೇಲೆ ಮೆಲ್ಲಗೆ ಬಿಟ್ಟ. ಒಂದು ಹನಿಯೂ ಚೆಲ್ಲಲಿಲ್ಲ. ಜವರಮ್ಮ ಜನ ಕರೆಯಲು ಬೀದಿಗೆ ಓಡಿದಳು.

ನಾಲ್ಕು ಜನ ಸೇರಿ ತೊಟ್ಟಿ ಎತ್ತಿಟ್ಟರು. ಮೇಷ್ಟ್ರ ಮನೆಯ ಬೋರಿನಿಂದ ಪೈಪು ಎಳೆದು ನೀರು ಬಿಟ್ಟರು. ಹನ್ನೆರಡು ಮೂಟೆ ತೂಕಕ್ಕೆ ಸ್ಟ್ಯಾಂಡು ಕಿರ್ ಅನ್ನಲೂ ಇಲ್ಲ. ಕೊನೆಗೆ ದೊರೆಯನ್ನು ಬಿಟ್ಟರೆ ಅವನು ತಳಕ್ಕೆ ಹೋಗಿ ಮೂಲೆಯಲ್ಲಿ ಓರೆಯಾಗಿ ಬಿದ್ದುಕೊಂಡ. ಸುಸ್ತಾಗಿದ್ದಾನೆ, ಬೆಳಗ್ಗೆವರೆಗೆ ತಡೆದರೆ ಇನ್ನು ಭಯವಿಲ್ಲ ಅಂದ ಇಮ್ತಿಯಾಜ್. ಮೂರು ದಿನ ಕಣ್ಣು ಮುಚ್ಚದ ಜವರಮ್ಮನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ದೊರೆಯನ್ನು ನೋಡಿಕೊಂಡಿರು, ಅವನು ಮಲಗಿದ ಮೇಲೆ ನೀನೂ ಮಲಗು ಅಂತ ಮಗನಿಗೆ ಹೇಳಿ ಚಾಪೆಗೆ ಒರಗಿದಳು.

ಎದ್ದಾಗ ಬೆಳಕಾಗಿತ್ತು. ತೊಟ್ಟಿಯ ಹತ್ತಿರ ಓಡಿಬಂದಳು. ಚಿಕ್ಕಬೋರ ಗಾಜಿಗೆ ಮೂಗು ಒತ್ತಿ ಕೂತಿದ್ದ, ಕಣ್ಣು ಕೆಂಪು ಮೆಣಸಿನಕಾಯಿ. ಗಾಜಿನ ಆಚೆ ಕಡೆ ದೊರೆ ನೆಟ್ಟಗೆ ನಿಂತು, ಬಾಲ ಆಡಿಸುತ್ತಾ, ಅವನ ಮೂಗಿಗೇ ಮೂತಿ ಒತ್ತಿದ್ದ.

"ಇವನು ಕಣ್ಣೇ ಮುಚ್ತಾ ಇಲ್ಲ ಕಣವ್ವ," ಅಂದ ಚಿಕ್ಕಬೋರ. "ಮಲಗಪ್ಪ ಅಂತ ನಾನೂ ಎಷ್ಟೋ ಸಲ ಹೇಳ್ದೆ."

ಜವರಮ್ಮ ನಕ್ಕಳು, ನಗುತ್ತಾ ಅತ್ತಳು, ಸೆರಗಲ್ಲಿ ಮುಖ ಒರೆಸಿಕೊಂಡಳು. ಬೈಯಬೇಕು ಅನ್ನಿಸಲೇ ಇಲ್ಲ. ಮೀನಿಗೆ ರೆಪ್ಪೆ ಇಲ್ಲ ಕಣೋ ಮಗ, ಅವು ಕಣ್ಣು ಬಿಟ್ಟುಕೊಂಡೇ ಮಲಗುತ್ತವೆ, ಅವನ ನಿದ್ದೆ ಆಗಿದೆ, ನೀನೂ ಹಾಗೇ ಒಂದು ಗಳಿಗೆ ಮಲಗು ಅಂದಳು. ಅವನು ಸ್ಟ್ಯಾಂಡಿನ ಪಕ್ಕದಲ್ಲೇ ಅಂಗಾತ ಮಲಗಿದ.

ರೊಟ್ಟಿ ತಟ್ಟಿ ಹೆಂಚಿಗೆ ಹಾಕಿ ಬಂದು ನೋಡುತ್ತಾಳೆ, ಕಣ್ಣು ಎರಡನ್ನೂ ಅಗಲಕ್ಕೆ ಬಿಟ್ಟುಕೊಂಡು ಸೂರು ನೋಡುತ್ತಿದ್ದಾನೆ. ಎರಡು ಕಡೆಯಿಂದಲೂ ನೀರು ಕಿವಿಗೆ ಇಳಿಯುತ್ತಿದೆ. ಪಾಪ, ರೆಪ್ಪೆ ಬಡಿಯದಿರಲು ಹಲ್ಲು ಕಚ್ಚಿದ್ದ. ಇನ್ನು ಯಾವ ಬುದ್ಧಿ ಹೇಳಿದರೂ ಏನಾಗುತ್ತದೋ ಅಂತ ಅವಳು ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿ ಕೂತು ಅಂಗೈಯಿಂದ ಅವನ ಕಣ್ಣು ಮುಚ್ಚಿದಳು. ಅಂಗೈ ಕೆಳಗೇ ಗೊರಕೆ ಶುರುವಾಯಿತು. ಕೈ ತೆಗೆದರೆ ಗೊರಕೆ ಹೊಡೆಯುತ್ತಲೇ ಕಣ್ಣು ತೆರೆಯುತ್ತಿದ್ದ. ಒಲೆ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಸೀದರೆ ಸೀಯಲಿ ಅಂತ ಜವರಮ್ಮ ಕೈ ತೆಗೆಯದೆ ಅಲ್ಲೇ ಕೂತಳು.