ಕಳ್ಳ ಸಿಕ್ಕಿದ ಮೇಲೆ ಒಂದು ಅಧ್ಯಾಯ

ಶಿಷ್ಯನೊಬ್ಬ ಹಳೆಯ ಪತ್ತೇದಾರಿ ಕಾದಂಬರಿಯನ್ನು ಓದಿ ಮುಗಿಸಿ ಗುರುಗಳ ಬಳಿ ಬಂದು, ಪುಸ್ತಕವನ್ನು ಅವರ ಕೈಗಿಟ್ಟು ಕೇಳಿದ:

"ಗುರುಗಳೇ, ಇದರಲ್ಲಿ ಒಬ್ಬ ಜಮೀನ್ದಾರನಿಗೆ ಯಾರೋ ಊಟದಲ್ಲಿ ವಿಷ ಹಾಕುತ್ತಾರೆ. ಊರೆಲ್ಲ ಅಡುಗೆಯವನನ್ನೇ ಅನುಮಾನಿಸುತ್ತದೆ. ಕೊನೆಗೆ ಪತ್ತೇದಾರ ನಿಜವಾದ ಕೊಲೆಗಾರನನ್ನು ಹಿಡಿಯುತ್ತಾನೆ. ಅವನು ಜಮೀನ್ದಾರನ ತಮ್ಮ. ಶಿಕ್ಷೆಯೂ ಆಗುತ್ತದೆ. ಅಲ್ಲಿಗೆ ನ್ಯಾಯ ಮುಗಿಯಿತಲ್ಲ? ಆದರೂ ಬರೆದವರು ಇನ್ನೊಂದು ಅಧ್ಯಾಯ ಎಳೆದಿದ್ದಾರೆ. ಪತ್ತೇದಾರ ಮತ್ತೆ ಆ ಊರಿಗೆ ಹೋಗಿ, ಅಡುಗೆಯವನ ಮನೆ ಜಗಲಿಯಲ್ಲಿ ಕೂತು, ಅವನ ಕೈಯಡುಗೆ ಉಂಡು ಬರುತ್ತಾನೆ. ಅದೇಕೆ ಬೇಕಿತ್ತು?"

ಗುರುಗಳು ನಕ್ಕರು. ಶಿಷ್ಯ ಪುಸ್ತಕ ಓದುತ್ತ ತೊಡೆ ತಟ್ಟಿ "ಇವನೇ, ಇವನೇ!" ಎಂದು ಕೂಗಿದ್ದು ಅವರ ಕಿವಿಗೂ ಬಿದ್ದಿತ್ತು. ಕೂತುಕೋ ಎಂದು ಕತೆ ಶುರು ಮಾಡಿದರು.

ಒಬ್ಬ ರೈತನಿಗೆ ಆಲೆಮನೆಯಿತ್ತು. ದಿನದ ಮೊದಲ ಬೆಲ್ಲದುಂಡೆ ದೇವರಿಗೆ. ಸಂಜೆ ದೀಪ ಹಚ್ಚುವವರೆಗೆ ಅದನ್ನು ಮೂಲೆಯಲ್ಲಿ ಹಗ್ಗದಿಂದ ತೂಗುಹಾಕಿದ ನೆಲುವಿನಲ್ಲಿ ಇಡುತ್ತಿದ್ದರು. ಒಂದು ವರ್ಷ ಇರುವೆ ಕಾಟ ಹೆಚ್ಚಿತು. ರೈತ ಜಾಣತನ ಮಾಡಿ ನೆಲುವನ್ನು ಕುದಿಯುವ ಕೊಪ್ಪರಿಗೆಯ ಮೇಲಕ್ಕೇ ಕಟ್ಟಿಸಿದ. ಇರುವೆಯೇನೋ ಹೋಯಿತು. ಜೊತೆಗೆ ಬೆಲ್ಲವೂ ಹೋಗತೊಡಗಿತು. ಸಂಜೆ ನೋಡಿದರೆ ನೆಲುವು ಖಾಲಿ.

ರೈತ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ದೇವರ ಬೆಲ್ಲ ತಿಂದವರು ಯಾರು ಎಂದು ಗದರಿದ. ಒಲೆಗೆ ಉರಿ ಹಾಕುವವನು ಮೀಸೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ರೈತನಿಗೆ ಅಷ್ಟೇ ಸಾಕಾಯಿತು. ಬೆಂಕಿಯ ಮುಂದೆ ಕೂತವನು ದಿನವಿಡೀ ಬೆವರು ಒರೆಸುತ್ತಾನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಊರ ಕಟ್ಟೆಯ ಮೇಲೆ ಎಲ್ಲರ ಎದುರು "ಕಳ್ಳ ನೀನೇ" ಎಂದುಬಿಟ್ಟ. ಅಂದಿನಿಂದ ಅವನು ಬಂದರೆ ಜನ ಮಾತು ನಿಲ್ಲಿಸಿದರು. ಅವನ ಹೆಂಡತಿ ನೀರಿಗೆ ಹೋದರೆ ಹಿಂದಿನಿಂದ ಪಿಸುಮಾತು. ಪಾಪ, ಅವನು ಆದರೂ ಕೆಲಸ ಬಿಡಲಿಲ್ಲ. ಬಿಟ್ಟರೆ ಕದ್ದದ್ದು ನಿಜ ಎಂದಾಗುತ್ತಿತ್ತು.

ಬೆಲ್ಲ ಹೋಗುವುದು ಮಾತ್ರ ನಿಲ್ಲಲಿಲ್ಲ. ಕಳ್ಳನನ್ನು ಕೈಯಾರೆ ಹಿಡಿಯಬೇಕೆಂದು ಒಂದು ದಿನ ರೈತ ತಾನೇ ಕಾವಲು ಕೂತ. ಕಣ್ಣು ಮಿಟುಕಿಸದೆ ನೆಲುವನ್ನೇ ನೋಡಿದ. ಹಬೆಗೆ ಉಂಡೆ ಬೆವರಿತು, ಕರಗಿತು, ತೊಟ್ಟು ತೊಟ್ಟಾಗಿ ಕೊಪ್ಪರಿಗೆಗೇ ಬಿತ್ತು. ರೈತ ಹೊಟ್ಟೆ ಹಿಡಿದುಕೊಂಡು ನಕ್ಕ. ಆಳುಗಳೂ ಬಿದ್ದು ಬಿದ್ದು ನಕ್ಕರು. ಉರಿ ಹಾಕುವವನು ಮಾತ್ರ ನಗಲಿಲ್ಲ.

"ಕಳ್ಳ ಸಿಕ್ಕಿದ್ನಲ್ಲೋ, ಇನ್ನೂ ಯಾಕೋ ಮುಖ ಊದಿಸ್ಕೊಂಡಿದೀಯ?" ಎಂದ ರೈತ.

"ಗೌಡ್ರೇ, ನೀವು ನನ್ನ ಕಳ್ಳ ಅಂದದ್ದು ಊರಿಗೆಲ್ಲ ಕೇಳ್ತು. ಈಗ ನಕ್ಕಿದ್ದು ಈ ಚಪ್ಪರಕ್ಕೆ ಮಾತ್ರ ಕೇಳ್ತು."

ರೈತನ ನಗು ನಿಂತಿತು. ನಾಚಿಕೆಯಾಯಿತು. ಮರುದಿನ ಮೊದಲ ಉಂಡೆಯನ್ನು ಹಿಡಿದು ಅದೇ ಕಟ್ಟೆಗೆ ಹೋದ. ಉರಿ ಹಾಕುವವನನ್ನೂ ಅವನ ಹೆಂಡತಿಯನ್ನೂ ಕರೆಸಿದ. ಬೆಲ್ಲ ತಿಂದದ್ದು ಹಬೆ, ತಪ್ಪು ಮಾಡಿದ್ದು ನಾನು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಉಂಡೆಯನ್ನು ಅವನ ಕೈಗಿಟ್ಟ. ದೇವರು ಆ ದಿನ ಎರಡನೆಯ ಉಂಡೆಗೆ ಕಾದ. ಉರಿ ಹಾಕುವವನು ಬೆಲ್ಲ ಮುರಿದು ಅರ್ಧವನ್ನು ರೈತನಿಗೇ ಕೊಟ್ಟು, "ಬೇಗ ತಿನ್ನಿ ಗೌಡ್ರೇ, ನೆಲುವಿನಾಗಿಟ್ರೆ ಮತ್ತೆ ಕಾಣೆಯಾದಾತು" ಎಂದ. ಕಟ್ಟೆಯೆಲ್ಲ ನಕ್ಕಿತು. ಈ ಸಲ ಅವನೂ ನಕ್ಕ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಅಡುಗೆಯವನ ಕೈಯಲ್ಲಿ ವಿಷವಿಲ್ಲ ಎಂದು ಊರಿಗೆ ತೋರಿಸಲು ಪತ್ತೇದಾರ ಅಲ್ಲಿ ಉಂಡ. ಅಪರಾಧಿಗೆ ಶಿಕ್ಷೆಯಾದರೆ ನ್ಯಾಯ ಅರ್ಧವೇ ಆದದ್ದು. ಎಂಥ ಜನ, ತಪ್ಪು ಮಾಡದವನನ್ನು ಅನುಮಾನಿಸಿದರಲ್ಲ!"

ಗುರುಗಳು ಪುಸ್ತಕವನ್ನು ಅವನ ಕೈಗೆ ಹಿಂದಿರುಗಿಸುತ್ತ ಕೇಳಿದರು:

"ಅದು ಸರಿ, ನೀನು ತೊಡೆ ತಟ್ಟಿ 'ಇವನೇ' ಎಂದದ್ದು ಯಾರನ್ನು?"

ಶಿಷ್ಯ "ಅಡುಗೆಯವನನ್ನೇ" ಎಂದು, ಕೊನೆಯ ಅಧ್ಯಾಯವನ್ನು ಮತ್ತೆ ತೆರೆದ.